ಲಾಂಬೇರನ ಕೀಲಿಯಿಲ್ಲದ ಗಡಿಯಾರ

ಊರ್ಮಿಳಾಗೆ ಗಡಿಯಾರಗಳೆಂದರೆ ಭಕ್ತಿ ಎಂದು ಯಾರಾದರೂ ಹೇಳಿದ್ದರೆ ಅವಳೇ ನಕ್ಕುಬಿಡುತ್ತಿದ್ದಳು. ಬೆಂಗಳೂರಿನ ವಾಚ್ ಕಾರ್ಖಾನೆಯೊಂದರ ಜೋಡಣೆ ವಿಭಾಗದಲ್ಲಿ ವರ್ಷಗಟ್ಟಲೆ ಕೂತು, ಒಂದೇ ಅಳತೆಯ ಚಕ್ರಗಳನ್ನು ಒಂದೇ ಅಳತೆಯ ತೂತುಗಳಲ್ಲಿ ಕೂರಿಸಿದವಳು ಅವಳು. ಮದುವೆಮನೆಯ ಅಡುಗೆಭಟ್ಟರಿಗೆ ಹೋಳಿಗೆಯ ಮೇಲೆ ಎಷ್ಟು ಆಸೆ ಉಳಿದಿರುತ್ತದೋ ಅಷ್ಟೇ ಆಸೆ ಅವಳಿಗೆ ಗಡಿಯಾರದ ಮೇಲೆ. ಗಂಡ ಭಾಸ್ಕರನಿಗೆ ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸುವ ಪಿಆರ್ ಸಿಕ್ಕಿ, ಮೆಲ್ಬರ್ನಿಗೆ ಬಂದು ಕ್ಲೇಟನ್ನಿನಲ್ಲಿ ಮನೆ ಮಾಡಿದ ಮೇಲೂ ಅದೇ ಕೆಲಸ ಬೆನ್ನು ಬಿಡಲಿಲ್ಲ. ಸುತ್ತಮುತ್ತಲ ಆಭರಣದಂಗಡಿಯವರು ಕೆಟ್ಟ ವಾಚುಗಳನ್ನು ಅವಳಿಗೆ ಕಳಿಸುತ್ತಿದ್ದರು. ಹಿತ್ತಲ ಕಡೆಯ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು, ರೇಡಿಯೋ ಕೇಳುತ್ತ ರಿಪೇರಿ ಮಾಡುತ್ತಿದ್ದಳು. ಹೆಚ್ಚಿನವು ಬ್ಯಾಟರಿ ವಾಚುಗಳು. ತೆಗೆ, ಹಾಕು, ಮುಚ್ಚು.

ಹೀಗಿರುವಾಗ, 1994ರ ಚಳಿಗಾಲ ಮುಗಿಯುತ್ತಿದ್ದ ದಿನಗಳಲ್ಲಿ, ಅಂಗಡಿಯವರೊಬ್ಬರ ಮಾತು ಕೇಳಿಕೊಂಡು ಮುದುಕಿಯೊಬ್ಬಳು ಅವಳ ಮನೆ ಬಾಗಿಲಿಗೆ ಬಂದಳು. ಹೆಸರು ಮದಾಂ ದೆಲ್‌ಕೂರ್. ಯುದ್ಧ ಮುಗಿದ ಮೇಲೆ ಬೆಲ್ಜಿಯಂನಿಂದ ಹಡಗು ಹತ್ತಿ ಬಂದವಳು; ಬೆನ್ನು ಬಾಗಿದ್ದರೂ ಮಾತು ಬಾಗಿರಲಿಲ್ಲ. ಚೀಲದಿಂದ ಉಣ್ಣೆಯ ಕಾಲುಚೀಲ ತೆಗೆದು, ಅದರೊಳಗಿನಿಂದ ಒಂದು ಜೇಬುಗಡಿಯಾರವನ್ನು ಹೊರಗೆಳೆದಳು. ಬೆಳ್ಳಿಯದು, ದಪ್ಪನೆಯದು. ಹಿಂಬದಿಯ ಮುಚ್ಚಳ ಕೀಲು ಸಡಿಲವಾಗಿ ಜೋತಾಡುತ್ತಿತ್ತು.

"ಈ ಕೀಲೊಂದನ್ನು ಸರಿಮಾಡಿಕೊಡಿ. ಒಳಗೆ ಮಾತ್ರ ಕೈ ಹಾಕಬಾರದು" ಎಂದಳು ಮದಾಂ.

ಊರ್ಮಿಳಾ ಗಡಿಯಾರವನ್ನು ತಿರುವಿ ಮುರುವಿ ನೋಡಿದಳು. ಹಳೆಯ ಗಡಿಯಾರಗಳಿಗೆಲ್ಲ ಕೀಲಿಕೈ ತೂರಿಸಿ ಸ್ಪ್ರಿಂಗ್ ಬಿಗಿಸಲು ಒಂದು ತೂತಿರುತ್ತದೆ. ಇದಕ್ಕೆ ಅದೇ ಇಲ್ಲ. ಮುಳ್ಳುಗಳ ಮೇಲೆ ಗಾಜೂ ಇಲ್ಲ.

"ಇದಕ್ಕೆ ಕೀಲಿ ಕೊಡೋದು ಹೇಗೆ?"

"ಕೊಡುವುದಿಲ್ಲ. ಜೇಬಿನಲ್ಲಿಟ್ಟುಕೊಂಡು ನಡೆಯಿರಿ."

ಊರ್ಮಿಳಾ ಉಟ್ಟಿದ್ದ ಸೀರೆಗೆ ಜೇಬು ಎಲ್ಲಿಯದು? ಸೊಂಟಕ್ಕೆ ಸಿಕ್ಕಿಸಿಕೊಂಡು, ಒಗೆದ ಬಟ್ಟೆ ಒಣಹಾಕಿದ್ದ ಹಿತ್ತಲಿನಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿದಳು. ನಗು ಬರುತ್ತಿತ್ತು. ಹೊಟ್ಟೆಯ ಪಕ್ಕದಲ್ಲಿ ಏನೋ ಮೆಲ್ಲಗೆ ಓಲಾಡಿದಂತಾಯಿತು, ಆಮೇಲೆ ಸಣ್ಣಗೆ ಟಿಕ್ ಟಿಕ್ ಶುರುವಾಯಿತು. ನಗು ಅಲ್ಲೇ ನಿಂತಿತು. ಹರಕೆ ಹೊತ್ತವಳಂತೆ ಎರಡೂ ಕೈಗಳಿಂದ ಗಡಿಯಾರವನ್ನು ಹಿಡಿದುಕೊಂಡು ಒಳಗೆ ಬಂದಳು. ಮುಚ್ಚಳದಡಿ ಅರ್ಧಚಂದ್ರದಂಥ ಒಂದು ತೂಕದ ಬಿಲ್ಲೆ ಇತ್ತು. ಹೆಜ್ಜೆ ಹಾಕಿದಾಗಲೆಲ್ಲ ಅದು ಅತ್ತಿತ್ತ ಹೊರಳಿ ಸ್ಪ್ರಿಂಗನ್ನು ತಾನೇ ಬಿಗಿಸುತ್ತಿತ್ತು.

ಕಾಫಿ ಕುಡಿಯುತ್ತ ಮದಾಂ ಅದರ ಕಥೆ ಹೇಳಿದಳು. ಮಾಡಿದವನು ಅವಳ ವಂಶದ ಹಿರಿಯ, ಲಾಂಬೇರ್ ದೆಲ್‌ಕೂರ್. ಊರು ಲಿಯೇಜ್. ಆಗಿನ್ನೂ ಬೆಲ್ಜಿಯಂ ಎಂಬ ದೇಶವೇ ಹುಟ್ಟಿರಲಿಲ್ಲ. ಅಲ್ಲಿ ಬಿಷಪ್ಪರೇ ರಾಜರು. ಲಾಂಬೇರನ ಅಪ್ಪ ಕಬ್ಬಿಣ ಕಾಯಿಸಿ ಮೊಳೆ ಮಾಡುವವನು. ಮಗನಿಗೆ ಕಬ್ಬಿಣದ ಕೆಲಸ ಬೇಡವಾಗಿ ಗಡಿಯಾರದ ಕಡೆ ತಿರುಗಿದ. ಮನುಷ್ಯ ನಡೆಯುವಾಗ ದಾರಿಯುದ್ದಕ್ಕೂ ಸುಮ್ಮನೆ ಚೆಲ್ಲಿಕೊಂಡು ಹೋಗುವ ಅಲುಗಾಟವನ್ನು ಹಿಡಿದು ಕೂಡಿಡಬೇಕು ಎಂಬುದೊಂದು ಹುಚ್ಚು ಅವನ ತಲೆಗೆ ಹತ್ತಿತು. ಊರವರು ನಕ್ಕರು. ಒಂದು ಮಾಡಿದ, ಓಡಲಿಲ್ಲ. ಇನ್ನೊಂದು ಮಾಡಿದ, ಓಡಿತು. ಹೆಸರು ಬಂತು. ಅಷ್ಟರಲ್ಲಿ ಕಣ್ಣು ಹೋಯಿತು.

"ಪೂರಾ ಹೋಯಿತೇ?"

"ಪೂರಾ. 1777ರಲ್ಲಿ ಅವನ ಕಸುಬಿನವರೇ ಸೇರಿ ಕುರುಡನೆಂದು ಅವನಿಗೆ ರೊಟ್ಟಿ-ಸೌದೆ ಕೊಡಿಸಿದ್ದಕ್ಕೆ ಚರ್ಚಿನಲ್ಲಿ ಪುರಾವೆ ಇದೆ. ಈಗ ಇದನ್ನು ನೋಡಿ." ಮುದುಕಿ ಮುಚ್ಚಳದ ಒಳಬದಿ ತೋರಿಸಿದಳು. ಲಾಂಬೇರನ ಹೆಸರಿನ ಕೆಳಗೆ 1779 ಎಂದು ಕೆತ್ತಿತ್ತು.

ಕುರುಡನಾದ ಮೇಲೆ ತನಗಾಗಿ ಅವನೇ ಮಾಡಿಕೊಂಡ ಗಡಿಯಾರ ಇದು ಎಂಬುದು ಅವರ ಮನೆತನದ ಮಾತು. ಕಣ್ಣಿಲ್ಲದವನು ಕೀಲಿಯ ತೂತು ಹುಡುಕುವುದು ಹೇಗೆ? ಅದಕ್ಕೇ ತೂತಿಲ್ಲ. ಮುಳ್ಳು ನೋಡುವುದು ಹೇಗೆ? ಅದಕ್ಕೇ ಗಾಜಿಲ್ಲ, ಬೆರಳಿನಿಂದ ಮುಟ್ಟಿ ಹೊತ್ತು ತಿಳಿದುಕೊಳ್ಳುತ್ತಿದ್ದ. ಸಿಡ್ನಿಯಲ್ಲಿ ಹಳೆಯ ಗಡಿಯಾರಗಳ ಪ್ರದರ್ಶನವೊಂದು ನಡೆಯುವುದಿತ್ತು. ಅದನ್ನು ಏರ್ಪಡಿಸಿದ್ದ ಹ್ಯಾಲಂ ಎಂಬ ತಜ್ಞ ಗಡಿಯಾರ ಇಡಲು ಒಪ್ಪಿದ್ದ, ಪಕ್ಕದ ಚೀಟಿಯಲ್ಲಿ ಲಾಂಬೇರನ ಹೆಸರು ಹಾಕಲು ಒಪ್ಪಿರಲಿಲ್ಲ. ಕುರುಡನೊಬ್ಬ ಇಂಥದ್ದನ್ನು ಜೋಡಿಸುವುದು ಆಗದ ಮಾತು, ಯಾರೋ ಮಾಡಿ ಅವನ ಹೆಸರು ಕೆತ್ತಿದ್ದಾರೆ ಎಂಬುದು ಅವನ ಅಭಿಪ್ರಾಯ. ಆದರೂ ನ್ಯಾಯವಂತ. ಯಾರೂ ಕೈ ಹಾಕದ ಸ್ಥಿತಿಯಲ್ಲಿ ತಂದರೆ ತಾನೇ ಬಿಚ್ಚಿ ನೋಡುತ್ತೇನೆ ಎಂದಿದ್ದ.

"ನನಗೆ ಮಕ್ಕಳಿಲ್ಲ" ಎಂದಳು ಮದಾಂ. "ನಾನು ಹೋದ ಮೇಲೆ ಅವನ ಹೆಸರು ಹೇಳುವವರು ಯಾರೂ ಇಲ್ಲ. ಆ ಚೀಟಿಯ ಮೇಲೆ ಅವನ ಹೆಸರು ಬಂದರೆ ಸಾಕು."

ಊರ್ಮಿಳಾ ಒಪ್ಪಿಕೊಂಡಳು. ಮುಚ್ಚಳ ಬಿಚ್ಚಿ, ಗಡಿಯಾರವನ್ನು ಗಾಜಿನ ಬೋಗುಣಿಯೊಂದನ್ನು ಕವುಚಿ ಅದರಡಿ ಇಟ್ಟಳು. ಆ ದಿನಗಳಲ್ಲಿ ಅವಳಿಗೆ ಬೇರೆ ಕೆಲಸದಲ್ಲಿ ಮನಸ್ಸೇ ನಿಲ್ಲುತ್ತಿರಲಿಲ್ಲ. ಬ್ಯಾಟರಿ ಹಾಕುತ್ತ ಹಾಕುತ್ತ ಕಣ್ಣು ಬೋಗುಣಿಯ ಕಡೆ ಹೋಗುತ್ತಿತ್ತು. ಕಾರ್ಖಾನೆಯಲ್ಲಿ ನೂರು ಜನ ಸೇರಿ ಮಾಡುತ್ತಿದ್ದುದನ್ನು ಒಬ್ಬ, ಅದೂ ಕತ್ತಲಲ್ಲಿ ಕೂತು ಮಾಡಿದನೇ? ನಂಬಬೇಕೆಂದು ಆಸೆ, ನಂಬಲು ಕೈ ಒಪ್ಪುತ್ತಿಲ್ಲ. ಚಿಮಟ ಹಿಡಿದ ಕೈಗೆ ಗೊತ್ತಿರುತ್ತದೆ, ಕಣ್ಣಿಲ್ಲದೆ ಅದು ಏನೂ ಅಲ್ಲವೆಂದು.

ಅಷ್ಟರಲ್ಲಿ ನವರಾತ್ರಿ ಬಂತು. ಮೈಸೂರಿನಿಂದ ಬಂದಿದ್ದ ಅತ್ತೆ ಜಯಲಕ್ಷ್ಮಮ್ಮನವರಿಗೆ ಆಸ್ಟ್ರೇಲಿಯಾದಲ್ಲಿ ಮೊದಲ ಆಯುಧಪೂಜೆ. ಅವರ ಉತ್ಸಾಹ ಕೇಳಬೇಕೆ! ಬೆಳಗಾಗುತ್ತಲೇ ಕಾರಿಗೆ ಪೂಜೆಯಾಯಿತು, ಹುಲ್ಲು ಕತ್ತರಿಸುವ ಯಂತ್ರಕ್ಕಾಯಿತು, ವ್ಯಾಕ್ಯೂಮ್ ಕ್ಲೀನರಿಗೂ ಒಂದು ಗುಲಾಬಿ ಏರಿತು. ಟಿವಿ ರಿಮೋಟಿಗೆ ಕುಂಕುಮ ಇಡಲು ಹೋದಾಗ ಭಾಸ್ಕರ ಕಿತ್ತುಕೊಂಡ. ಓಕ್ಲಿಯ ಅಂಗಡಿಗೆ ವಾಚುಗಳನ್ನು ತಲುಪಿಸಲು ಹೊರಟಿದ್ದ ಊರ್ಮಿಳಾ ಬಾಗಿಲಿನಿಂದಲೇ, "ಅತ್ತೆ, ನನ್ನ ಮೇಜಿನ ಮೇಲಿರೋದಕ್ಕೆಲ್ಲ ನೀವೇ ಪೂಜೆ ಮಾಡ್ಬಿಡಿ" ಎಂದು ಕೂಗಿ ಹೋದಳು.

ಮೇಜಿನ ಮೇಲಿರುವುದಕ್ಕೆಲ್ಲ ಎಂದಳು. ಒಂದನ್ನು ಬಿಟ್ಟು ಎನ್ನಲು ಮರೆತಳು.

ಹಿಂತಿರುಗಿ ಬಂದು ನೋಡಿದರೆ ಚಿಮಟ, ಸ್ಕ್ರೂಡ್ರೈವರುಗಳೆಲ್ಲ ಸಾಲಾಗಿ ಮಲಗಿ ಕುಂಕುಮ ಹಚ್ಚಿಸಿಕೊಂಡಿವೆ. ಬೋಗುಣಿ ಪಕ್ಕಕ್ಕಿದೆ. ತೆರೆದ ಗಡಿಯಾರದ ಮೇಲೆ ಒಂದು ಸೇವಂತಿಗೆ. ಹೂವಿನ ಸುತ್ತ, ಚಕ್ರಗಳ ಸಂದಿಯಲ್ಲಿ, ಎಲ್ಲೆಲ್ಲೂ ಕೆಂಪು.

"ಅತ್ತೆ! ಇದಕ್ಕೂ ಇಟ್ರಾ?"

"ಇಡದೆ? ಎಲ್ಲಾದಕ್ಕಿಂತ ವಯಸ್ಸಾಗಿರೋದು ಅದೇ ಅಲ್ವೇನೇ. ದೊಡ್ಡೋರಿಗೆ ಮೊದ್ಲು ಅಂತ ಅದಕ್ಕೇ ಮೊದ್ಲು ಇಟ್ಟೆ. ಒಂದ್ಚೂರು ಜಾಸ್ತೀನೇ ಬಿತ್ತು" ಎಂದರು ಜಯಲಕ್ಷ್ಮಮ್ಮ, ಹೆಮ್ಮೆಯಿಂದ. ಸೊಸೆಯ ಮುಖ ನೋಡಿದ ಮೇಲೆ ಅವರ ಮುಖವೂ ಇಳಿಯಿತು.

ಊರ್ಮಿಳಾ ಚಿಮಟದ ಕಡೆ ಕೈ ಚಾಚಿದಳು. ಕೈ ಅರ್ಧಕ್ಕೇ ನಿಂತಿತು. ಪೂಜೆಗಿಟ್ಟ ಆಯುಧವನ್ನು ಆ ದಿನ ಎತ್ತುವಂತಿಲ್ಲ. ಮಾರನೆಯ ದಿನ ದಶಮಿಯ ಪೂಜೆಯಾದ ಮೇಲೇ ಮುಟ್ಟಬೇಕು. ಕಾರ್ಖಾನೆಯಲ್ಲಿ ಆ ದಿನ ಯಂತ್ರಗಳಿಗೆಲ್ಲ ಬಾಳೆಕಂದು ಕಟ್ಟಿ, ಮ್ಯಾನೇಜರನಿಂದ ಹಿಡಿದು ಕಸ ಗುಡಿಸುವವರವರೆಗೆ ಕೈ ಕಟ್ಟಿ ನಿಲ್ಲುತ್ತಿದ್ದರು. ಹುಟ್ಟಿದಾಗಿನಿಂದ ಅವಳು ಆ ದಿನ ಒಂದು ಸೂಜಿಯನ್ನೂ ಎತ್ತಿದವಳಲ್ಲ. ಅನ್ನ ಕೊಟ್ಟ ಆಯುಧ! ಬುದ್ಧಿ ಎತ್ತು ಎಂದಿತು, ಕೈ ಒಲ್ಲೆ ಎಂದಿತು. ಕೊನೆಗೆ ಕೈಯೇ ಗೆದ್ದಿತು. ಬೋಗುಣಿ ಮುಚ್ಚಿ ಹೊರಗೆ ಬಂದಳು. ಆ ಒಂದು ದಿನ ಅತ್ತೆ ಸೊಸೆ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ದಶಮಿಯ ಆರತಿ ಆಗುತ್ತಿದ್ದಂತೆ ಊರ್ಮಿಳಾ ಮೇಜಿಗೆ ಕೂತಳು. ಗಾಳಿ ಊದುವ ರಬ್ಬರ್ ಬುರುಡೆಯಿಂದ ಮೇಲಿನ ಪುಡಿಯನ್ನೆಲ್ಲ ಹಾರಿಸಿದಳು. ಆದರೆ ಒಳಗೆ ಹೋದದ್ದು ಹಳೆಯ ಎಣ್ಣೆಗೆ ಅಂಟಿತ್ತು. ಹಾಗೇ ಬಿಟ್ಟರೆ ಚಕ್ರಗಳು ಸವೆಯುತ್ತವೆ. ಬಿಚ್ಚಿದರೆ ಮಾತು ತಪ್ಪಿದಂತೆ. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಗಡಿಯಾರ ಸಾಯಬಾರದು ಎಂದುಕೊಂಡು, ಉಸಿರು ಬಿಗಿಹಿಡಿದು, ಮೊದಲ ಸ್ಕ್ರೂ ತಿರುಗಿಸಿದಳು.

ಒಂದೊಂದೇ ಭಾಗವನ್ನು ಎತ್ತಿ ಬಿಳಿಯ ಕಾಗದದ ಮೇಲಿಟ್ಟಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒರೆಸಲು ಬಗ್ಗಿದವಳು ಹಾಗೇ ಉಳಿದಳು. ಹಿತ್ತಾಳೆಯ ಬಿಲ್ಲೆಯ ಅಂಚಿನಲ್ಲಿ ಎರಡು ಕೆಂಪು ಚುಕ್ಕೆ. ಅದರ ಮೇಲೆ ಕೂರುವ ಸೇತುವೆಯಂಥ ಪಟ್ಟಿಯ ಅಂಚಿನಲ್ಲೂ ಎರಡು ಚುಕ್ಕೆ. ಇನ್ನೊಂದು ಜೋಡಿಗೆ ಮೂರು ಮೂರು. ಸಾಸಿವೆಯ ಕಾಲುಭಾಗದಷ್ಟು ಸಣ್ಣ ಗುಳಿಗಳು. ಬರಿಯ ಹಿತ್ತಾಳೆಯಲ್ಲಿ ಯಾರ ಕಣ್ಣಿಗೂ ಬೀಳದಂಥವು. ಎಣ್ಣೆಯ ಜಿಡ್ಡು ರಾತ್ರಿಯೆಲ್ಲ ಕುಂಕುಮವನ್ನು ಎಳೆದುಕೊಂಡು ಅವುಗಳಲ್ಲಿ ತುಂಬಿಸಿತ್ತು.

ಗಡಿಯಾರದವರು ಭಾಗಗಳಿಗೆ ಗುರುತು ಹಾಕುವುದು ಹೊಸತಲ್ಲ. ಆದರೆ ಕಣ್ಣಿಗೆ ಕಾಣಲೆಂದು ಮೇಲೆ ಹಾಕುತ್ತಾರೆ. ಇವು ಅಂಚಿನಲ್ಲಿ, ಅಡಿಯಲ್ಲಿ, ಚಿಮಟ ಮುಟ್ಟದ ಕಡೆ ಇದ್ದವು. ಇಲ್ಲಿ ಯಾಕೆ? ಊರ್ಮಿಳಾ ಬಿಲ್ಲೆಯನ್ನು ಚಿಮಟದಿಂದ ಬಿಟ್ಟು ಬೆರಳುಗಳ ನಡುವೆ ಹಿಡಿದಳು. ಎರಡು ಚುಕ್ಕೆಗಳೂ ನೇರವಾಗಿ ಅವಳ ಹೆಬ್ಬೆರಳಿನ ತುದಿಗೇ ಬಂದು ಕೂತವು.

ಕಾರ್ಖಾನೆಯಲ್ಲಿ ಒಮ್ಮೊಮ್ಮೆ ಕರೆಂಟು ಹೋಗುತ್ತಿತ್ತು. ಆಗ ಹೆಂಗಸರೆಲ್ಲ ಗದ್ದಲ ಮಾಡಿ ನಗುತ್ತಿದ್ದರು, ಆದರೆ ಹಿಡಿದ ಚಕ್ರದ ಮೇಲಿನ ಬೆರಳನ್ನು ಯಾರೂ ತೆಗೆಯುತ್ತಿರಲಿಲ್ಲ. ತೆಗೆದರೆ ಎಲ್ಲಿತ್ತೆಂದು ಮರೆತುಹೋಗುತ್ತದೆ. ಕತ್ತಲಲ್ಲಿ ಬೆರಳೇ ದಿಕ್ಕು. ಊರ್ಮಿಳಾ ಭೂತಗನ್ನಡಿ ತೆಗೆದಿಟ್ಟು ಕಣ್ಣು ಮುಚ್ಚಿದಳು. ಎಡಗೈಯಲ್ಲಿ ಎರಡು ಚುಕ್ಕೆಯ ಬಿಲ್ಲೆ, ಬಲಗೈಯಲ್ಲಿ ಎರಡು ಚುಕ್ಕೆಯ ಪಟ್ಟಿ. ಚುಕ್ಕೆಗೆ ಚುಕ್ಕೆ ಹೊಂದಿಸಿ ಒತ್ತಿದಳು. ಕ್ಲಿಕ್ಕೆಂದು ಕೂತುಕೊಂಡಿತು.

ಅವಳಿಗೆ ಕಣ್ಣು ತೆರೆಯಲು ಮನಸ್ಸೇ ಬರಲಿಲ್ಲ. ಇನ್ನೂರು ವರ್ಷದ ಹಿಂದೆ ಕಣ್ಣಿಲ್ಲದವನೊಬ್ಬ ಬಿಟ್ಟುಹೋದ ದಾರಿಯಲ್ಲಿ ಅವಳ ಬೆರಳು ನಡೆದಿತ್ತು. ಕಣ್ಣು ಮಂಜಾಗುತ್ತಿದ್ದ ದಿನಗಳಲ್ಲೇ ಮುಂದಿನದನ್ನು ಬಲ್ಲವನಾಗಿ ಒಂದೊಂದೇ ಗುಳಿ ಕೊರೆದಿಟ್ಟು, ಕತ್ತಲು ಪೂರಾ ಕವಿದ ಮೇಲೆ ಅವುಗಳನ್ನೇ ಹಿಡಿದು ಜೋಡಿಸಿದ್ದ. ಎಂಥ ಮನುಷ್ಯ! ಊರ್ಮಿಳಾ ಕೂತಲ್ಲೇ ಕೈ ಮುಗಿದಳು. ಕಣ್ಣೀರು ಕಾಗದದ ಮೇಲೆ ಬೀಳದಂತೆ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

ಆಮೇಲೆ ಭಯ ಬಂತು. ಯಾರೂ ಕೈ ಹಾಕಬಾರದಿದ್ದ ಗಡಿಯಾರವನ್ನು ಬಿಚ್ಚಿದವಳೇ ಬಂದು ಗುರುತು ತೋರಿಸಿದರೆ, ನೀನೇ ಕೊರೆದೆ ಎನ್ನುವುದಿಲ್ಲವೇ ಹ್ಯಾಲಂ? ಭಾಸ್ಕರನೂ ಅದನ್ನೇ ಅಂದ. "ತೊಳೆದು, ಜೋಡಿಸಿ, ಮುಚ್ಚಿ ಕೊಟ್ಬಿಡು. ಆತನೇ ಬಿಚ್ಚಿ ನೋಡ್ಕೊಳ್ಲಿ. ಬಾಯಿ ಬಿಡ್ಬೇಡ."

"ಅವ್ರು ನೋಡೋದು ಮೇಲೆ ಮೇಲೆ. ಬರೀ ಹಿತ್ತಾಳೇಲಿ ಅದು ಕಾಣ್ಸಲ್ಲ ರೀ. ನಂಗೇ ಕಾಣ್ಸ್ತಿರ್ಲಿಲ್ಲ."

"ಕಾಣ್ಸಿದ್ರೆ ಕಾಣ್ಲಿ, ಇಲ್ದಿದ್ರೆ ಇಲ್ಲ. ನಾಳೆ ಯಾವ ಅಂಗಡಿಯವ್ನು ನಿನ್ನ ಕೈಗೆ ವಾಚ್ ಕೊಡ್ತಾನೆ ಹೇಳು?"

ಜಯಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ತಪ್ಪು ನಂದು. ಆ ಅಮ್ಮಂಗೆ ನಾನೇ ಹೇಳ್ತೀನಿ. ಇಂಗ್ಲಿಷ್ ಬರ್ದಿದ್ರೆ ಏನು, ಕೈ ಮುಗಿದ್ರೆ ಅರ್ಥ ಆಗತ್ತೆ" ಎಂದರು.

ಹೇಳಿದವಳು ಊರ್ಮಿಳಾಳೇ. ಫೋನಿನಲ್ಲಿ ಒಂದೂ ಬಿಡದೆ, ಕುಂಕುಮವೆಂದರೇನು ಎಂಬುದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಆಮೇಲೆ ಮದಾಂ ಕೇಳಿದಳು: "ನೀವು ಮುಟ್ಟದೆ ಉಳಿದದ್ದು ಏನಾದರೂ ಇದೆಯೇ?"

ಇತ್ತು. ಸ್ಪ್ರಿಂಗ್ ಸುತ್ತಿಟ್ಟ ಪುಟ್ಟ ಡಬ್ಬಿ. ಅದರ ಮುಚ್ಚಳದ ಸಂದಿಯಲ್ಲಿ ಎರಡು ಶತಮಾನದ ಜಿಡ್ಡು ಅರಗಿನಂತೆ ಗಟ್ಟಿಯಾಗಿತ್ತು. ಕುಂಕುಮ ಒಳಗೆ ಹೋಗಿರಲಿಲ್ಲ, ಅವಳೂ ತೆರೆದಿರಲಿಲ್ಲ. ಲಾಂಬೇರನೇ ಜೋಡಿಸಿದ್ದಾದರೆ ಅದರೊಳಗೂ ಗುರುತಿರಲೇಬೇಕು.

"ಇಲ್ಲದಿದ್ದರೆ?" ಎಂದಳು ಮದಾಂ.

ಹ್ಯಾಲಂನಿಂದಲೇ ತೆರೆಸಿ ನೋಡೋಣ ಎಂದಳು ಊರ್ಮಿಳಾ. ಇಬ್ಬರೂ ಸಿಡ್ನಿಯ ರೈಲಿಗೆ ಸೀಟು ಬುಕ್ ಮಾಡಿದರು. ಜಯಲಕ್ಷ್ಮಮ್ಮ ಪುಳಿಯೋಗರೆ ಕಟ್ಟಿಕೊಟ್ಟರು. ಮದಾಂ ದಾರಿಯಲ್ಲಿ ಅದನ್ನು ತಿಂದು, ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ತುತ್ತು ಕೇಳಿದಳು.

ಸಿಡ್ನಿಯ ಪ್ಯಾರಮಟ್ಟಾ ಬಡಾವಣೆಯ ಕಟ್ಟಡವೊಂದರ ಮಹಡಿಯಲ್ಲಿ ಹ್ಯಾಲಂನ ಕೋಣೆ. ಉದ್ದನೆಯ, ಒಣಕಲು ಮನುಷ್ಯ. ಊರ್ಮಿಳಾ ಹೇಳಿದ್ದನ್ನೆಲ್ಲ ಕೇಳುತ್ತ ಅವನ ಮುಖ ಬಿಗಿಯಾಯಿತು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಅವಳಿಗೆ. ಅವಳು ಬಿಚ್ಚಿದ ಹಾಗೇ ತಂದಿದ್ದ ಭಾಗಗಳ ಕೆಂಪು ಚುಕ್ಕೆಗಳನ್ನು ಒಂದೊಂದಾಗಿ ನೋಡಿದ.

"ಸುಂದರವಾಗಿವೆ. ಆದರೆ ಇವನ್ನು ಯಾವಾಗ ಕೊರೆದದ್ದೆಂದು ನಾನು ಹೇಗೆ ಹೇಳಲಿ? ನಿಮ್ಮನ್ನು ಸುಳ್ಳುಗಾರ್ತಿ ಅನ್ನುತ್ತಿಲ್ಲ. ಆದರೆ ಇಷ್ಟರ ಮೇಲೆ ಹೆಸರು ಹಾಕಲಾರೆ."

"ಡಬ್ಬಿ ತೆರೆದು ನೋಡಿ" ಎಂದಳು ಊರ್ಮಿಳಾ. "ಅದನ್ನು ನಾನು ಮುಟ್ಟಿಲ್ಲ. ಅದರ ಮುಚ್ಚಳದಲ್ಲೂ ಚುಕ್ಕೆಗಳಿರಬೇಕು."

ಹ್ಯಾಲಂ ಡಬ್ಬಿಯ ಸಂದಿಯನ್ನು ಸುತ್ತಲೂ ಪರೀಕ್ಷಿಸಿದ. ಜಿಡ್ಡು ಎಲ್ಲಿಯೂ ಬಿರುಕು ಬಿಟ್ಟಿಲ್ಲವೆಂದು ಒಪ್ಪಿಕೊಂಡ. ಅಲಗು ತೂರಿಸಿ ಮೆಲ್ಲಗೆ ಮೀಟಿದ. ಮುಚ್ಚಳ ಬಂತು. ಅದನ್ನು ದೀಪದಡಿ ಹಿಡಿದು, ಅಂಚನ್ನು ನೋಡಿದ, ಅಡಿ ನೋಡಿದ, ಮತ್ತೆ ಅಂಚು ನೋಡಿದ. ಗೋಡೆಯಾಚೆ ರೈಲೊಂದು ಬಂದು ನಿಂತು ಹೋಯಿತು.

"ಚುಕ್ಕೆ ಇಲ್ಲ" ಎಂದ. "ಏನೂ ಇಲ್ಲ. ನುಣುಪಾಗಿದೆ. ನನಗೆ ಬೇಸರವಾಗುತ್ತಿದೆ, ಮದಾಂ."

ಮುದುಕಿ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದು ನೆಟ್ಟಗೆ ಕೂತೇ ಇದ್ದಳು. ಊರ್ಮಿಳಾಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ತನ್ನ ಹೆಸರು ಹೋಯಿತು, ಹೋಗಲಿ. ಈ ಮುದುಕಿಯ ಕೊನೆಯ ಆಸೆಯನ್ನೂ ತಾನೇ ಮುಗಿಸಿಬಿಟ್ಟೆನಲ್ಲ! ಚುಕ್ಕೆ ಇರಲೇಬೇಕಿತ್ತು. ಯಾಕಿಲ್ಲ? ಚುಕ್ಕೆ ಯಾತಕ್ಕೆ? ಯಾವುದಕ್ಕೆ ಯಾವುದು ಜೋಡಿ ಎಂದು ತಿಳಿಯಲು. ಈ ಮುಚ್ಚಳಕ್ಕೆ ಜೋಡಿ ಇರುವುದೇ ಒಂದು, ಅದರ ಡಬ್ಬಿ. ಗುಂಡಗಿನ ಮುಚ್ಚಳ. ಇಲ್ಲಿ ಅವನಿಗೆ ಬೇಕಾಗಿದ್ದದ್ದು ಯಾವುದು ಎಂದಲ್ಲ, ಯಾವ ಕಡೆ ಎಂದು.

"ಮಿಸ್ಟರ್ ಹ್ಯಾಲಂ" ಎಂದಳು, ತನ್ನ ದನಿ ತನಗೇ ಕೇಳಿಸದಷ್ಟು ಮೆಲ್ಲಗೆ. "ನಾವು ಕಣ್ಣಿನಿಂದ ನೋಡುತ್ತಿದ್ದೇವೆ. ಅವನು ನಮ್ಮ ಕಣ್ಣಿಗೆ ಏನೂ ಮಾಡಿಟ್ಟಿಲ್ಲ. ಕಣ್ಣು ಮುಚ್ಚಿ ಮುಟ್ಟಿ ನೋಡಿ."

ಹ್ಯಾಲಂ ಅವಳನ್ನು ನೋಡಿದ. ಹುಚ್ಚೆಂದು ತಳ್ಳಿಹಾಕಬಹುದಿತ್ತು, ಹಾಕಲಿಲ್ಲ. ಕನ್ನಡಕ ತೆಗೆದಿಟ್ಟ, ಕಣ್ಣು ಮುಚ್ಚಿದ, ಮುಚ್ಚಳವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಸುತ್ತಿಸಿದ. ಒಂದು ಕಡೆ ಬೆರಳು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂದು ನಿಂತಿತು. ಅವನ ಬಿಗಿದ ಮುಖ ಸಡಿಲವಾಗುತ್ತ ಬಂದು, ಕೊನೆಗೆ ಬಾಯಿ ತುಸು ತೆರೆದುಕೊಂಡಿತು.

"ಒಂದು ತಗ್ಗು" ಎಂದ, ಕಣ್ಣು ತೆರೆಯದೆಯೇ. "ಅಂಚನ್ನು ಅರದಿಂದ ಉಜ್ಜಿ ಸಣ್ಣದೊಂದು ತಗ್ಗು ಮಾಡಿದ್ದಾನೆ. ಬೆರಳು ಜಾರಿಕೊಂಡು ಹೋಗಿ ಅಲ್ಲೇ ಕೂರುತ್ತದೆ. ಅದರ ನೇರಕ್ಕೆ..." ಇನ್ನೊಂದು ಕೈಯ ಬೆರಳಿನಿಂದ ಡಬ್ಬಿಯ ಒಳಗೋಡೆ ತಡವಿದ. "ಅದರ ನೇರಕ್ಕೇ ಸ್ಪ್ರಿಂಗಿನ ಕೊಕ್ಕೆ. ಅಯ್ಯೋ ದೇವರೇ, ಇಲ್ಲೇ ಇದ್ದಾನೆ."

"ಚೀಟಿಯ ಮೇಲೆ ಅವನ ಹೆಸರೇ ಬರುತ್ತದೆ, ಮದಾಂ." ಹ್ಯಾಲಂ ಎದ್ದು ಬಂದು, ಮದಾಂ ಮುಂದೆ ಮಂಡಿಯೂರಿ ಕೂತು, ಆ ಮುಚ್ಚಳವನ್ನು ಅವಳ ಸುಕ್ಕುಗಟ್ಟಿದ ಬೆರಳುಗಳಲ್ಲಿ ಇಟ್ಟ. ಮುದುಕಿ ಕಣ್ಣು ಮುಚ್ಚಿದಳು. ಬೆರಳು ಅಂಚಿನ ಮೇಲೆ ಮೆಲ್ಲಗೆ ಸಾಗಿ ಒಂದು ಕಡೆ ನಿಂತಿತು. ತನ್ನ ಭಾಷೆಯಲ್ಲಿ ಏನೋ ಹೇಳತೊಡಗಿದಳು. ಮನೆಗೆ ತಡವಾಗಿ ಬಂದವರೊಡನೆ ಮಾತಾಡುವಂತಿತ್ತು ಆ ದನಿ. ಅದರಲ್ಲಿ ಊರ್ಮಿಳಾಗೆ ತಿಳಿದದ್ದು ಒಂದೇ ಮಾತು, ಲಾಂಬೇರ್.

ಅತ್ತು ಮುಗಿಸಿದ ಮೇಲೆ ಮದಾಂ ಮುಚ್ಚಳವನ್ನು ಊರ್ಮಿಳಾಳ ಕಡೆ ಚಾಚಿದಳು. ಊರ್ಮಿಳಾ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು, ಕಣ್ಣು ಮುಚ್ಚಿದಳು, ಹುಡುಕಿದಳು. ಅವನ ಬೆರಳು ಇದ್ದ ಜಾಗದಲ್ಲಿ ಅವಳ ಬೆರಳು ಹೋಗಿ ಕೂತಿತು.